ಪರದೆಯ ಮೇಲಿನ ಹುಳು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ದೇವರ ಕೋಣೆಗಿಂತ ಓಲೆಗರಿಯ ಕೋಣೆ ದೊಡ್ಡದು.

ಸುತ್ತಲಿನ ಊರಿನವರು ಮನೆಯ ಅಟ್ಟದಲ್ಲಿದ್ದ ಹಳೆಯ ಓಲೆಗರಿ ಕಟ್ಟುಗಳನ್ನು ತಂದು ಅಲ್ಲಿ ಇಟ್ಟಿದ್ದರು. ಗುರು ಬಾಳಯ್ಯನವರು ಅವನ್ನು ಓದಿ ಕಾಗದಕ್ಕೆ ಇಳಿಸುತ್ತಿದ್ದರು. ಈಗ ಅವರ ಕಣ್ಣು ಮಂಜಾಗಿತ್ತು. ಶಿಷ್ಯ ಶಂಭುಲಿಂಗ ಓದುತ್ತಿದ್ದ, ಗುರುಗಳು ಕೇಳಿ ತಿದ್ದುತ್ತಿದ್ದರು.

ಕಟ್ಟುಗಳನ್ನು ಕಾಯುವವಳು ದ್ಯಾಮವ್ವ. ಮೂವತ್ತೊಂದು ವರ್ಷದಿಂದ ಆ ಕೋಣೆಯ ಕೀಲಿ ಅವಳ ಸೊಂಟದಲ್ಲಿತ್ತು. ಅವಳಿಗೆ ಓದಲು ಬಾರದು. ಆದರೆ ಗರಿಯನ್ನು ಮುಟ್ಟಿ, ಇದಕ್ಕೆ ಎಣ್ಣೆ ಬೇಕೋ ಗಾಳಿ ಬೇಕೋ ಎಂದು ಹೇಳುತ್ತಿದ್ದಳು.

ಕಟ್ಟು ಬಿಚ್ಚುವುದು ವರ್ಷಕ್ಕೆ ಒಂದೇ ಸಲ, ಮಾಘದ ಒಣ ಬಿಸಿಲಿನಲ್ಲಿ. ಆಗ ದ್ಯಾಮವ್ವ ಪ್ರತಿ ಗರಿಗೂ ಎಣ್ಣೆ ಸವರುತ್ತಾಳೆ, ಶಂಭುಲಿಂಗ ಪ್ರತಿ ಗರಿಯ ಫೋಟೊ ತೆಗೆಯುತ್ತಾನೆ. ಮತ್ತೆ ಕಟ್ಟಿ ಒಳಗಿಟ್ಟರೆ ಮುಂದಿನ ಮಾಘದವರೆಗೆ ಯಾರೂ ಬಿಚ್ಚುವಂತಿಲ್ಲ. ಮಳೆಗಾಲದ ತೇವಕ್ಕೆ ಬಿಚ್ಚಿದರೆ ಗರಿ ಬೂಷ್ಟು ಹಿಡಿಯುತ್ತದೆ. ಹೀಗಾಗಿ ವರ್ಷವಿಡೀ ಓದು ನಡೆಯುವುದು ಕಂಪ್ಯೂಟರ್‌ನಲ್ಲಿ, ಫೋಟೊ ನೋಡಿಕೊಂಡು.

ಕಂಪ್ಯೂಟರ್ ಶಂಭುಲಿಂಗನ ವಶದಲ್ಲಿತ್ತು. ಆಶ್ರಮಕ್ಕೆ ಬರುವ ಮೊದಲು ಆತ ಆರು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದ್ದ. ಆ ವಿಷಯದಲ್ಲಿ ಅಲ್ಲಿ ತನ್ನನ್ನು ಪ್ರಶ್ನಿಸುವವರಿಲ್ಲ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ಆತ ಗುರುಗಳ ಬಳಿ ಬಂದ. ಮುಖ ಗಂಟಿಕ್ಕಿತ್ತು.

“ಅಪ್ಪಾರ, ಕಟ್ಟಿಗೆ ಹುಳ ಬಿದ್ದೈತ್ರಿ.”

“ಯಾವ ಕಟ್ಟಿಗೆ?”

“ದನದ ವೈದ್ಯದ ಕಟ್ಟಿಗೆ. ಆಚಿ ದಂಡಿ ಸಿದ್ರಾಮಪ್ಪನ ಮನಿಯವ್ರು ಕೊಟ್ಟದ್ದು. ಇವತ್ತು ಓದಾಕ ಶುರು ಮಾಡಿದೆ. ಮೂವತ್ತು ಗರಿ ನೋಡಿದೆ. ಮೂವತ್ತರಾಗೂ ತೂತು.”

ಸಿದ್ರಾಮಪ್ಪನ ಮನೆಯವರು ಐದು ತಲೆಮಾರಿನಿಂದ ಆ ಗರಿಗಳನ್ನು ನಂಬಿ ದನಗಳಿಗೆ ಔಷಧ ಕೊಟ್ಟವರು. ಮನೆಯಲ್ಲಿ ಇಟ್ಟರೆ ಹಾಳಾದೀತು ಎಂದು ಹೆದರಿ ಆಶ್ರಮಕ್ಕೆ ಒಪ್ಪಿಸಿದ್ದರು.

“ಮಾಘದಾಗ ಇದ್ವೇನು?” ಗುರುಗಳು ಕೇಳಿದರು.

“ಮಾಘದ ಫೋಟೊದಾಗನ ಅದಾವ್ರಿ. ನಾನು ಫೋಟೊ ತಗಿಯೂ ಗಡಿಬಿಡ್ಯಾಗಿದ್ದೆ, ಗಮನಿಸಲಿಲ್ಲ. ಆದ್ರ ಎಣ್ಣಿ ಹಚ್ಚಿದಾಕಿಗೆ ಕಾಣಬೇಕಿತ್ತಲ್ರಿ?”

ದ್ಯಾಮವ್ವನನ್ನು ಕರೆಸಿದರು.

ಅವಳು ಕಂಪ್ಯೂಟರ್ ಮುಂದೆ ನಿಂತಳು. ಪರದೆಯ ಮೇಲೆ ಒಂದು ಗರಿ ದೊಡ್ಡದಾಗಿ ಕಾಣುತ್ತಿತ್ತು. ಅದರ ಮೇಲೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ತೂತುಗಳು.

“ನಾ ಎಣ್ಣಿ ಹಚ್ಚಿದಾಗ ಇವು ಇರ್ಲಿಲ್ಲ” ಎಂದಳು.

“ಪರದಿ ಮ್ಯಾಲ ಐತಲ್ಲವ್ವ. ಕಣ್ಣಾರೆ ನೋಡು.”

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟದ ಕೀಲಿ ಬಿಚ್ಚಿ ಗುರುಗಳ ಮುಂದೆ ಇಟ್ಟಳು.

“ನನ್ನ ಕಣ್ಣು ಹೋಗ್ಯಾವ ಅನಸ್ತದ್ರಿ ಅಪ್ಪಾರ. ಕಣ್ಣು ಹೋದಾಕಿ ಇದನ್ನ ಇಟಗೋಬಾರದು. ನಾಕರ ಹರಿಗೋಲಿಗೆ ನಮ್ಮ ತಂಗಿ ಊರಿಗೆ ಹೋಗ್ತೀನಿ.”

“ನಾಳಿಂದ ಹರಿಗೋಲು ಬಿಡಾಂಗಿಲ್ಲಂತ” ಎಂದ ಶಂಭುಲಿಂಗ. “ಮ್ಯಾಲಿನ ಡ್ಯಾಮಿನ ನೀರು ಬಿಡ್ತಾರ. ಇವತ್ತು ಹೋದ್ರ ಬರೂದು ಯಾವಾಗೋ.”

“ಬರೂದು ಯಾಕ?” ಎಂದಳು ದ್ಯಾಮವ್ವ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕೇಳುವವರಿಗೆ ಸುಲಭವಾಗುತ್ತಿತ್ತು.

ಕಟ್ಟಿನ ವಿಷಯವನ್ನು ಫೋನಿನಲ್ಲಿ ಹೇಳುವ ರೂಢಿ ಆ ಆಶ್ರಮದಲ್ಲಿಲ್ಲ. ಕಾಗದದ ಮೇಲೆ ಬರೆದೇ ಕಳಿಸಬೇಕು. ಶಂಭುಲಿಂಗ ಅಲ್ಲೇ ಕುಳಿತು ಬರೆದ. ‘ನಿಮ್ಮ ಕಟ್ಟಿನ ಮೂವತ್ತು ಗರಿಗಳಿಗೆ ಹುಳು ಬಿದ್ದಿದೆ. ಕಾಯುವ ದ್ಯಾಮವ್ವನ ಅಲಕ್ಷ್ಯದಿಂದ ಹೀಗಾಗಿದೆ. ಬಂದು ನೋಡಿರಿ.’ ಗುರುಗಳಿಗೆ ಓದಿ ಹೇಳಿದ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಹರಿಗೋಲಿನವನ ಕೈಗೆ ಕೊಡಲು ಆತ ಎದ್ದಾಗ ದ್ಯಾಮವ್ವ ಕೈ ಚಾಚಿದಳು.

“ಇಲ್ಲಿ ತಾ. ಸಿದ್ರಾಮಪ್ಪನ ಮನಿ ದಾರ್ಯಾಗ ಐತಿ. ನಾನ ಕೊಡ್ತೀನಿ. ಬ್ಯಾರೆಯವ್ರ ಕೈಲೆ ಮುಟ್ಟಿದ್ರ ಛಲೋ ಅಲ್ಲ.”

ತನ್ನ ಮೇಲಿನ ದೂರನ್ನು ತಾನೇ ಮಡಚಿ ಚೀಲಕ್ಕೆ ಹಾಕಿಕೊಂಡು ಅವಳು ಬಟ್ಟೆ ಕಟ್ಟಲು ಹೋದಳು.

ಗುರುಗಳು ಕೀಲಿ ಎತ್ತಿ ಶಂಭುಲಿಂಗನ ಕೈಗೆ ಕೊಟ್ಟರು.

“ಇನ್ನ ನೀನ ಇಟಗೊ.”

ಆತನಿಗೆ ಸಂಕಟವಾಯಿತು. ಸುಳ್ಳೇಕೆ, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

“ಒಂದು ಕೆಲಸ ಐತಿ” ಎಂದರು ಗುರುಗಳು. “ಹುಳ ಎಲ್ಲಿ ಹೊಕ್ಕೈತಿ, ಎಲ್ಲಿ ಹೊರಗ ಬಂದೈತಿ, ಅಷ್ಟು ಹುಡುಕು.”

“ಅದ್ಯಾಕ್ರಿ? ತೂತು ಬಿದ್ದದ್ದಂತೂ ಖರೆ ಐತಲ್ಲ.”

“ಕೀಲಿ ಇಟಗೊಂಡವ್ರಿಗೆ ಹುಳದ ದಾರಿ ಗೊತ್ತಿರಬೇಕು.”

ಅವರು ಹಳೆಯ ಕ್ಯಾಲೆಂಡರ್ ತರಿಸಿದರು. ಅದರ ಹಾಳೆಗಳನ್ನು ಗರಿಯ ಅಳತೆಗೆ ಮೂವತ್ತು ಪಟ್ಟಿಯಾಗಿ ಕತ್ತರಿಸಲು ಹೇಳಿದರು. ಪ್ರತಿ ಓಲೆಗರಿಗೂ ದಾರ ಪೋಣಿಸಲು ಎರಡು ತೂತು ಇರುತ್ತವೆ. ಪಟ್ಟಿಗಳಿಗೂ ಅದೇ ಜಾಗದಲ್ಲಿ ಎರಡು ತೂತು ಹಾಕಿಸಿದರು. ಆಮೇಲೆ ಒಂದು ಸೂಜಿ ಕೊಟ್ಟರು.

“ಗರಿಯಾಗ ಎಲ್ಲೆಲ್ಲಿ ಹುಳ ಕಡದೈತಿ, ಪಟ್ಯಾಗ ಅಲ್ಲಲ್ಲಿ ಚುಚ್ಚು. ಎಲ್ಲಾ ಮುಗದ ಮ್ಯಾಲ ಜೋಡಿಸಿ ಕಿಟಕಿ ಬೆಳಕಿಗೆ ಹಿಡಿ.”

ಶಂಭುಲಿಂಗ ಕುಳಿತ. ಒಂದು ಗರಿ ತೆರೆ, ತೂತು ನೋಡು, ಚುಚ್ಚು, ಪಟ್ಟಿಯ ಮೂಲೆಯಲ್ಲಿ ಗರಿಯ ಸಂಖ್ಯೆ ಬರೆ. ಕಂಪ್ಯೂಟರ್ ಬಲ್ಲವನಿಗೆ ಇದೆಂಥ ಶಿಕ್ಷೆ ಎಂದು ಗೊಣಗಿಕೊಂಡ. ಊಟದ ಹೊತ್ತು ದಾಟಿತು. ಮೂವತ್ತನೇ ಪಟ್ಟಿ ಮುಗಿದಾಗ ಎರಡು ಗಂಟೆ.

ಪಟ್ಟಿಗಳನ್ನು ಜೋಡಿಸಿ ಬೆಳಕಿಗೆ ಹಿಡಿದ. ದಾರದ ಎರಡು ತೂತುಗಳಲ್ಲಿ ಬೆಳಕು ಬಂತು. ಬೇರೆಲ್ಲೂ ಇಲ್ಲ.

ಹದಿನಾಲ್ಕು, ಹದಿನೈದು ಎರಡನ್ನೇ ತೆಗೆದು ಹಿಡಿದ. ದಾರದ ತೂತುಗಳಲ್ಲಷ್ಟೇ ಬೆಳಕು. ಹದಿನೈದು, ಹದಿನಾರು ಹಿಡಿದ. ಹಾಗೆಯೇ.

ಪಟ್ಟಿಗಳನ್ನು ಹಿಡಿದುಕೊಂಡು ಗುರುಗಳ ಹತ್ತಿರ ಹೋದ.

“ದಾರಿ ಸಿಗಲಿಲ್ರಿ.”

“ತೂತು ಸಿಕ್ವೇನು?”

“ತೂತು ಬೇಕಾದಷ್ಟು ಅದಾವ್ರಿ. ಹದಿನಾಕನೇ ಗರಿಯಾಗ ಎಡಕ್ಕ ಇದ್ರ ಹದಿನೈದನೇ ಗರಿಯಾಗ ಬಲಕ್ಕ. ಜಿಗಕೋತ ಹೋದಂಗ ಕಾಣತೈತಿ.”

ಗುರುಗಳು ಪಟ್ಟಿಗಳ ಮೇಲೆ ಬೆರಳಾಡಿಸಿದರು.

“ಹುಳ ಗರಿಯೊಳಗಿಂದ ಗರಿಗೆ ಕೊರಕೋತ ಹೋಗ್ತದ. ಕೂಡಿಸಿ ಕಟ್ಟಿದ ಗರಿಯಾಗ ಅದಕ ಜಿಗಿಯಾಕ ಜಾಗ ಎಲ್ಲೈತಿ?”

ಶಂಭುಲಿಂಗ ಪಟ್ಟಿಗಳನ್ನು ಮತ್ತೆ ತಿರುವಿ ನೋಡಿದ.

“ಹದಿನಾಕನೇ ಗರಿ ಇನ್ನೊಮ್ಮೆ ನೋಡು.”

“ನೋಡೀನಲ್ರಿ.”

“ಇನ್ನೊಮ್ಮೆ ಅಂದೆ.”

ಆತ ಹೋಗಿ ಹದಿನಾಲ್ಕನೇ ಗರಿ ತೆರೆದ. ಪಕ್ಕದಲ್ಲಿ ಹದಿನಾಲ್ಕನೇ ಪಟ್ಟಿ ಇಟ್ಟುಕೊಂಡ. ಪಟ್ಟಿಯಲ್ಲಿ ಸೂಜಿಯ ಗುರುತು ಎಡ ಅಂಚಿಗೆ ಇತ್ತು. ಪರದೆಯ ಮೇಲೆ ಎಡ ಅಂಚು ಚೊಕ್ಕಟವಾಗಿತ್ತು. ತೂತು ನಡುವೆ ಇದ್ದವು.

ಮುಚ್ಚಿ ಮತ್ತೆ ತೆರೆದ. ಈಗ ಮೂರು ತೂತು, ಬಲಕ್ಕೆ.

ಒಂದು ತೂತನ್ನು ಪರದೆ ತುಂಬುವಷ್ಟು ಹಿಗ್ಗಿಸಿದ. ಅದಕ್ಕೆ ನಾಲ್ಕು ಮೂಲೆಗಳಿದ್ದವು. ನೇರ ಗೆರೆ, ನೇರ ಮೂಲೆ. ಯಾವ ಹುಳುವೂ ಹಾಗೆ ಅಳತೆ ಹಿಡಿದು ಕಡಿಯುವುದಿಲ್ಲ.

ಆರು ವರ್ಷದ ಕೈ ತಾನಾಗಿಯೇ ಕೆಲಸಕ್ಕೆ ಇಳಿಯಿತು. ಮೊದಲು ಮಾನಿಟರ್‌ನ ಕೇಬಲ್ ಬಿಚ್ಚಿ ಹಾಕಿದ. ತೂತು ಇದ್ದವು. ಬೇರೆ ಕೇಬಲ್ ಹಾಕಿದ. ಆಗಲೂ ಇದ್ದವು. ಪರದೆಯ ಮೇಲಿದ್ದದ್ದನ್ನು ಹಾಗೇ ಸ್ಕ್ರೀನ್‌ಶಾಟ್ ತೆಗೆದು ತನ್ನ ಮೊಬೈಲಿಗೆ ಕಳಿಸಿದ. ಮೊಬೈಲಿನಲ್ಲೂ ತೂತು ಕಂಡವು. ಕೆಟ್ಟದ್ದು ಮಾನಿಟರ್ ಆಗಿದ್ದರೆ ಸ್ಕ್ರೀನ್‌ಶಾಟ್ ಚೊಕ್ಕಟ ಇರಬೇಕಿತ್ತು. ಅಂದರೆ ಚಿತ್ರ ಮಾನಿಟರ್‌ಗೆ ಬರುವ ಮೊದಲೇ ಹಾಳಾಗುತ್ತಿದೆ.

ಕೊನೆಗೆ ಸ್ಕ್ರೀನ್‌ಶಾಟ್ ಬಿಟ್ಟು ಮಾಘದ ಮೂಲ ಫೋಟೊವನ್ನೇ ಮೊಬೈಲಿಗೆ ಕಳಿಸಿ ತೆರೆದ.

ಹದಿನಾಲ್ಕನೇ ಗರಿ. ದಾರದ ತೂತು ಬಿಟ್ಟರೆ ಒಂದೂ ತೂತಿಲ್ಲ. ದ್ಯಾಮವ್ವ ಸವರಿದ ಎಣ್ಣೆಯ ಹೊಳಪು ಅದರ ಮೇಲೆ ಹಾಗೇ ಇತ್ತು.

ಗರಿ ಸರಿ ಇದೆ. ಫೋಟೊ ಸರಿ ಇದೆ. ಮಾನಿಟರ್ ಸರಿ ಇದೆ. ಉಳಿದದ್ದು ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಮತ್ತು ಹೇಗೆ ಬಿಡಿಸಬೇಕೆಂದು ಅದಕ್ಕೆ ಹೇಳಿಕೊಡುವ ಡ್ರೈವರ್. ಶಂಭುಲಿಂಗನಿಗೆ ಸೋಮವಾರದ ನೆನಪಾಯಿತು. ಡ್ರೈವರ್‌ನ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಕಂಪ್ಯೂಟರ್ ಕೇಳಿತ್ತು. ಆತ ಹೂಂ ಎಂದು ಒತ್ತಿದ್ದ. ಅದಾದ ಮೇಲೆ ಫೋಟೊ ತೆರೆದದ್ದು ಇವತ್ತೇ ಮೊದಲು.

ಗುರುಗಳ ಬಳಿ ಓಡಿದ.

“ಅಪ್ಪಾರ, ಸಿಕ್ತು! ಹುಳ ಅಲ್ಲ, ಡ್ರೈವರ್ ಕೆಟ್ಟೈತಿ. ಹೊಸಾದು ತಗದು ಹಳೇದು ಹಾಕಿದ್ರ ಸರಿಹೋಗ್ತದ. ಅರ್ಧ ತಾಸು ಸಾಕು, ಸರಿ ಮಾಡಿ ತೋರಸ್ತೀನಿ.”

“ಈಗ ಎಷ್ಟು ಹೊತ್ತು?”

“ಮೂರು ಮುಕ್ಕಾಲ್ರಿ.”

“ಹರಿಗೋಲು ಎಷ್ಟಕ್ಕ ಹೋಗ್ತದ?”

“ನಾಕಕ್ಕ.”

“ಕಂಪ್ಯೂಟರ್ ಎಷ್ಟಕ್ಕ ಹೋಗ್ತದ?”

ಶಂಭುಲಿಂಗ ಚಪ್ಪಲಿ ಮೆಟ್ಟದೆ ಹೊಳೆಗೆ ಓಡಿದ.

ದ್ಯಾಮವ್ವ ಆಗಲೇ ಹರಿಗೋಲಿನಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಬಟ್ಟೆಯ ಗಂಟು, ಹೆಗಲಿಗೆ ಚೀಲ. ಹರಿಗೋಲಿನವನು ಹುಟ್ಟು ಹಿಡಿದು ನಿಂತಿದ್ದ. ಶಂಭುಲಿಂಗ ಮೊಣಕಾಲು ಮಟ್ಟದ ನೀರಿಗೆ ಇಳಿದು ಹರಿಗೋಲಿನ ಅಂಚು ಹಿಡಿದ.

“ಇಳಿಯವ್ವ. ಗರಿಯಾಗ ತೂತಿಲ್ಲ.”

“ಮತ್ತ ನಾ ನೋಡಿದ್ದು?”

“ಕಂಪ್ಯೂಟರ್ ತಪ್ಪು ಅದು. ಡ್ರೈವರ್ ಕೆಟ್ಟಿತ್ತು.”

ದ್ಯಾಮವ್ವ ಅವನ ಮುಖ ನೋಡಿದಳು.

“ಅವ್ವ, ಬರ್ತಿಯೋ ಇಳೀತಿಯೋ?” ಹರಿಗೋಲಿನವನು ಅವಸರಪಡಿಸಿದ. “ನೀರು ಏರಾಕತ್ತೈತಿ.”

“ನನಗ ತೋರಸು” ಎಂದಳು ಅವಳು ಶಂಭುಲಿಂಗನಿಗೆ. “ನನ್ನ ಕಣ್ಣು ಹೋಗಿಲ್ಲಂತ ನನಗ ಗೊತ್ತಾಗಬೇಕು.”

“ನೋಡಿ ಬರೂದ್ರಾಗ ಹರಿಗೋಲು ಹೋಗಿರ್ತದ.”

“ಹೋಗ್ಲಿ.”

ಗಂಟನ್ನು ಅವನ ಕೈಗೆ ಕೊಟ್ಟು ಇಳಿದಳು. ದಂಡೆ ಹತ್ತುವಾಗ ಅವನಿಗೆ ಏನೇನೋ ಹೇಳಬೇಕೆನಿಸಿತು. ಅವಳು ಮುಂದೆ ಮುಂದೆ ನಡೆದಳು.

ಆತ ಅವಳ ಎದುರಿಗೇ ಹೊಸ ಡ್ರೈವರ್ ಕಿತ್ತು ಹಾಕಿದ. ಪರದೆ ಕಪ್ಪಾಯಿತು.

“ಸತ್ತೇಹೋತಲ್ಲೋ!” ಎಂದಳು ದ್ಯಾಮವ್ವ.

“ಇಲ್ಲವ್ವ, ಬರ್ತದ.”

ಬಂತು. ಅಕ್ಷರಗಳೆಲ್ಲ ಒಂದನೇ ತರಗತಿಯ ಪುಸ್ತಕದಂತೆ ದಪ್ಪ ದಪ್ಪ ಆಗಿದ್ದವು. ಆತ ಹಳೆಯ ಡ್ರೈವರ್ ಹಾಕಿದ. ರೀಸ್ಟಾರ್ಟ್ ಮಾಡಿದ. ಅಕ್ಷರಗಳು ತಮ್ಮ ಅಳತೆಗೆ ಬಂದವು. ಹದಿನಾಲ್ಕನೇ ಗರಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮೂರು ಸಲವೂ ಚೊಕ್ಕಟ.

ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಲೂ ಇದ್ದಳು.

“ನೋಡಿದ್ಯಲ್ಲವ್ವ” ಎಂದ ಶಂಭುಲಿಂಗ, ಎದ್ದು ನಿಲ್ಲುತ್ತ.

“ಮುಂದಿಂದು ತಗಿ.”

“ಮುಂದಿಂದು ಯಾಕ? ಸರಿ ಆತಲ್ಲ.”

“ತೊಂಬತ್ತಾರು ಗರಿ ಅದಾವ. ನೀ ನೋಡಿದ್ದು ಮೂವತ್ತು. ಎಲ್ಲಾ ತಗಿ.”

ಆತ ಕುಳಿತು ಒಂದೊಂದೇ ತೆರೆದ. ಅವಳು ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. ಐವತ್ತು ದಾಟಿತು. ಎಪ್ಪತ್ತು ದಾಟಿತು.

“ತಡಿ” ಎಂದಳು.

ಎಪ್ಪತ್ತೊಂದನೇ ಗರಿ. ಬಲಗಡೆಯ ದಾರದ ತೂತಿಗೆ ಅಂಟಿಕೊಂಡ ಹಾಗೆ ಒಂದು ಕಪ್ಪು ಚುಕ್ಕೆ. ರಾಗಿ ಕಾಳಿಗಿಂತ ದೊಡ್ಡದಲ್ಲ.

ಶಂಭುಲಿಂಗ ನಕ್ಕ. “ಇನ್ನೂ ಒಂದು ಉಳಕೊಂಡೈತಿ ನೋಡು. ಇದೂ ಡ್ರೈವರ್ ಕಾಟನ.”

ಮುಚ್ಚಿ ತೆರೆದ. ಚುಕ್ಕೆ ಅಲ್ಲೇ ಇತ್ತು. ಮೊಬೈಲಿಗೆ ಮೂಲ ಫೋಟೊ ಕಳಿಸಿ ನೋಡಿದ. ಅಲ್ಲೇ ಇತ್ತು. ಹಿಗ್ಗಿಸಿದ. ಮೂಲೆಗಳಿರಲಿಲ್ಲ, ಅಂಚು ಸೊಟ್ಟಪಟ್ಟ ಇತ್ತು. ಎಪ್ಪತ್ತೆರಡು ತೆರೆದ. ಅದೇ ಜಾಗ. ಎಪ್ಪತ್ತಮೂರು. ಅದೇ ಜಾಗ. ಎಪ್ಪತ್ನಾಲ್ಕು ಚೊಕ್ಕಟವಾಗಿತ್ತು.

ಆತ ಮೂರು ಹೊಸ ಪಟ್ಟಿ ಕತ್ತರಿಸಿ, ಸೂಜಿ ಚುಚ್ಚಿ, ಜೋಡಿಸಿ ಕಿಟಕಿಗೆ ಹಿಡಿದ. ದಾರದ ಎರಡು ತೂತುಗಳಲ್ಲಿ ಬೆಳಕು ಬಂತು. ಬಲಗಡೆಯ ತೂತಿನ ಪಕ್ಕ ಇನ್ನೊಂದು ಬೆಳಕಿನ ಚುಕ್ಕೆ ಬಂತು.

ಇಬ್ಬರೂ ಅದನ್ನು ನೋಡಿದರು.

“ಭಾಳ ಸಣ್ಣದವ್ವ” ಎಂದ ಶಂಭುಲಿಂಗ ಮೆಲ್ಲಗೆ. “ಅಕ್ಷರಕ್ಕ ತಾಗಿಲ್ಲ. ಯಾರಿಗೂ ಕಾಣಾಂಗಿಲ್ಲ.”

“ನನಗ ಕಾಣಬೇಕಿತ್ತು.” ದ್ಯಾಮವ್ವ ಪಟ್ಟಿಯ ಚುಕ್ಕೆಯ ಮೇಲೆ ಬೆರಳಿಟ್ಟಳು. “ದಾರದ ತೂತು ಸವದೈತಿ ಅಂದ್ಕೊಂಡು ಎಣ್ಣಿ ಒರಸಿ ಮುಂದ ಹೋಗೀನಿ. ಇದು ನನ್ನ ತಪ್ಪು.”

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಹುಳ ಇನ್ನೂ ಒಳಗ ಇದ್ದರ? ಮಾಘದಿಂದ ಇವತ್ತಿನತನ ಎಷ್ಟು ಗರಿ ಕೊರದಿರಬೇಕು? ಮಗ್ಗಲ ಕಟ್ಟಿಗೆ ಹೋಗಿದ್ದರ? ಕೀಲಿ ಕೊಡು.”

ಶಂಭುಲಿಂಗ ಕೀಲಿ ಕೊಟ್ಟ. ತನ್ನ ಬಳಿ ಅದು ಬೆಳಗಿನಿಂದ ಇತ್ತು ಎಂಬುದು ಅವನಿಗೆ ಆಗಲೇ ಮರೆತುಹೋಗಿತ್ತು.

ದ್ಯಾಮವ್ವ ಆ ಕಟ್ಟನ್ನು ಉಳಿದವುಗಳಿಂದ ಬೇರೆ ಮಾಡಿದಳು. ಬಿಚ್ಚಲಿಲ್ಲ. ಡಬ್ಬಿಯಲ್ಲಿ ಬಜೆ ಬೇರು, ಒಣಗಿಸಿದ ಬೇವಿನ ಸೊಪ್ಪು ಹಾಸಿ, ಕಟ್ಟನ್ನು ಇಟ್ಟು, ಮುಚ್ಚಳ ಹಾಕಿದಳು. ಪಕ್ಕದಲ್ಲಿದ್ದ ಕಟ್ಟುಗಳ ಬಟ್ಟೆ ಒಂದೊಂದಾಗಿ ಮೂಸಿ ನೋಡಿದಳು.

ಹೊರಗೆ ಬಂದು ಚೀಲದಿಂದ ಕಾಗದ ತೆಗೆದು ಶಂಭುಲಿಂಗನಿಗೆ ಕೊಟ್ಟಳು.

“ಇದರಾಗ ನನ್ನ ಹೆಸರು ಐತಲ್ಲ?”

ಆತ ತಲೆ ತಗ್ಗಿಸಿದ. “ಐತವ್ವ. ಹರದು ಒಗೀತೀನಿ.”

“ಹೆಸರು ಇರ್ಲಿ. ಮೂವತ್ತು ಅನ್ನೂದು ಹೊಡದು ಮೂರು ಅಂತ ಬರಿ.”

ಅಷ್ಟು ಹೇಳಿ ಬೇವಿನ ಸೊಪ್ಪು ಹರಿಯಲು ಹಿತ್ತಲಿಗೆ ಹೋದಳು.

ಶಂಭುಲಿಂಗ ಹೊಸ ಕಾಗದ ತೆಗೆದುಕೊಂಡು ಕುಳಿತ. ಈ ಸಲ ಎಲ್ಲವನ್ನೂ ವಿವರವಾಗಿ ಬರೆಯಬೇಕೆಂದು ನಿರ್ಧರಿಸಿದ್ದ. ಬರೆದು ಮುಗಿಸಿ ಗುರುಗಳ ಮುಂದೆ ಓದಿದ.

“ನಿಮ್ಮ ಕಟ್ಟಿನ ಮೂರು ಗರಿಗಳಿಗೆ ಹುಳು ತಾಗಿದೆ. ಅಕ್ಷರಕ್ಕೆ ಹಾನಿಯಾಗಿಲ್ಲ. ಮಾಘದಲ್ಲಿ ಗಮನಕ್ಕೆ ಬರಲಿಲ್ಲವೆಂದು ದ್ಯಾಮವ್ವ ಒಪ್ಪಿಕೊಂಡಿದ್ದಾಳೆ. ಇದಲ್ಲದೆ ನಮ್ಮ ಕಂಪ್ಯೂಟರ್‌ನ ಗ್ರಾಫಿಕ್ಸ್ ಡ್ರೈವರ್ ದೋಷದಿಂದ ಇಂದು ಮೂವತ್ತು ಗರಿಗಳಲ್ಲಿ ಇಲ್ಲದ ತೂತುಗಳು ಕಂಡವು. ಅದರಿಂದಾಗಿ ದ್ಯಾಮವ್ವನ ಮೇಲೆ ಸುಳ್ಳು ಅಪವಾದ ಬಂದಿತ್ತು. ಈಗ ಡ್ರೈವರ್ ಬದಲಾಯಿಸಲಾಗಿದೆ.”

ಗುರುಗಳು ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಅಪವಾದನೂ ಡ್ರೈವರ್‌ದ?”

“ಹೌದ್ರಿ. ಎಲ್ಲಾ ಒಂದೊಂದ ಪರೀಕ್ಷಾ ಮಾಡೀನಿ. ಕೇಬಲ್ ಅಲ್ಲ, ಮಾನಿಟರ್ ಅಲ್ಲ, ಫೋಟೊ ಅಲ್ಲ. ಡ್ರೈವರ್‌ನ.”

“ತೂತು ಡ್ರೈವರ್ ತೋರಿಸ್ತು, ಒಪ್ಪಿದೆ” ಎಂದರು ಗುರುಗಳು. “ದ್ಯಾಮವ್ವನ ಹೆಸರು ತೋರಿಸಿದ್ದು ಯಾರು?”